20 ಅಡಿಯ ಅಡ್ಡರಸ್ತೆಯ ತುದಿಯಲ್ಲಿ 36 ಮನೆಗಳ ಅಪಾರ್ಟ್‌ಮೆಂಟ್: ಈ ರಸ್ತೆ ತಾಳುತ್ತದೆಯೇ?

ಮೂಲೆಮನೆ
ಎಲ್ಲರಿಗೂ ನಮಸ್ಕಾರ. ತುಮಕೂರಿನ ಎಸ್.ಐ.ಟಿ. ಎಂಜಿನಿಯರಿಂಗ್ ಕಾಲೇಜಿನ ಕಡೆಯ ಹಳೆಯ ಬಡಾವಣೆಯೊಂದರ ಅಡ್ಡರಸ್ತೆಯಲ್ಲಿ ನಮ್ಮ ಮನೆಯಿದೆ. ರಸ್ತೆಯ ತುದಿಯಲ್ಲಿ ಸುಮಾರು ಅರ್ಧ ಎಕರೆ ತೆಂಗಿನ ತೋಟ, ಅದರೊಳಗೊಂದು ಹೆಂಚಿನ ಮನೆ ಇದ್ದವು. ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಜಾಗವನ್ನು ಜಂಟಿ ಅಭಿವೃದ್ಧಿ ಕರಾರಿನ ಮೇಲೆ ಬಿಲ್ಡರ್ ಒಬ್ಬರಿಗೆ ಕೊಟ್ಟಿದ್ದಾರೆ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಅಂತಸ್ತು, ಒಟ್ಟು 36 ಮನೆಗಳು ಎಂದು ಗೇಟಿನ ಮೇಲೆ ಬೋರ್ಡು ಬಂದಿದೆ. ಬುಕಿಂಗ್‌ಗೆ ಮೊಬೈಲ್ ಸಂಖ್ಯೆಯನ್ನೂ ಬರೆದಿದ್ದಾರೆ.

ನಮ್ಮ ರಸ್ತೆಯಲ್ಲಿ ಈಗಿರುವುದೇ ನಲವತ್ತು ಚಿಲ್ಲರೆ ಮನೆಗಳು. ಡಾಂಬರಿನ ಅಗಲ 20 ಅಡಿ, ಮುಖ್ಯರಸ್ತೆಗೆ ಸೇರುವ ಬಾಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಮತ್ತು ಒಂದು ಮನೆಯ ಮೆಟ್ಟಿಲು ಸೇರಿ 17 ಅಡಿಗೆ ಇಳಿಯುತ್ತದೆ. ತೋಟದ ಗೋಡೆಗೆ ರಸ್ತೆ ಮುಗಿಯುವುದರಿಂದ ಒಳಗೆ ಹೋದ ಗಾಡಿ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಇಷ್ಟು ಸಣ್ಣ ರಸ್ತೆಗೆ ಇನ್ನೂ ಇಷ್ಟೇ ಸಂಸಾರಗಳು ಬಂದರೆ ಏನಾಗುತ್ತದೆ, ನಿಯಮ ಇದಕ್ಕೆ ಒಪ್ಪುತ್ತದೆಯೇ, ಆಕ್ಷೇಪಣೆಯನ್ನು ಯಾರಿಗೆ ಬರೆಯಬೇಕು, ತಿಳಿದವರು ದಯವಿಟ್ಟು ಹೇಳಿ.

ಶಿರಾಗೇಟ್ ನಿವಾಸಿ
ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ನಿವೃತ್ತ ಓವರ್‌ಸಿಯರ್
ಮೂಲೆಮನೆಯವರೇ, 20 ಅಡಿ ಎಂದು ನೀವು ಹೇಳುತ್ತಿರುವುದು ಡಾಂಬರಿನ ಅಗಲ. ಅನುಮತಿ ಕೊಡುವವರು ನೋಡುವುದು ಅದನ್ನಲ್ಲ. ಬಡಾವಣೆಯ ಅನುಮೋದಿತ ನಕ್ಷೆಯಲ್ಲಿ ರಸ್ತೆಗೆಂದು ಬಿಟ್ಟ ಅಗಲವನ್ನು, ಅಂದರೆ ಎರಡೂ ಬದಿಯ ಚರಂಡಿಗಳನ್ನೂ ಒಳಗೊಂಡು ಒಂದು ನಿವೇಶನದ ಗಡಿಯಿಂದ ಎದುರಿನ ನಿವೇಶನದ ಗಡಿಯವರೆಗಿನ ಅಳತೆಯನ್ನು ನೋಡುತ್ತಾರೆ. ಅಂಥ ಹಳೆಯ ಬಡಾವಣೆಗಳಲ್ಲಿ ಅಡ್ಡರಸ್ತೆ ಸಾಮಾನ್ಯವಾಗಿ 30 ಅಡಿ ಇರುತ್ತದೆ. ಮೊದಲು ನಕ್ಷೆಯ ಪ್ರತಿ ತೆಗೆಯಿರಿ.

ಎರಡನೆಯದಾಗಿ, 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ ಪ್ರತಿ ಯೋಜನಾ ಪ್ರದೇಶಕ್ಕೂ ಮಹಾಯೋಜನೆ (ಮಾಸ್ಟರ್ ಪ್ಲಾನ್) ಮತ್ತು ಅದರ ವಲಯ ನಿಯಮಾವಳಿ ಇರುತ್ತದೆ. ನಮ್ಮಲ್ಲಿ ಅದು ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿದೆ. ಆ ನಿಯಮಾವಳಿಯಲ್ಲಿ ಎಫ್‌ಎಆರ್ ಕೋಷ್ಟಕವಿದೆ. ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎನ್ನುವುದು ಅದರಲ್ಲಿ ಎದುರಿನ ರಸ್ತೆಯ ಅಗಲಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಅರ್ಧ ಎಕರೆ ಎಂದರೆ 21,780 ಚದರ ಅಡಿ. ಒಂದೊಂದು ಮನೆ ಸಾವಿರ ಚದರ ಅಡಿ ಎಂದು ಹಿಡಿದರೂ 36 ಮನೆಗೆ 36,000 ಆಗುತ್ತದೆ, ಅಂದರೆ ಮೆಟ್ಟಿಲು, ಓಣಿ ಬಿಟ್ಟೇ 1.65 ಪಟ್ಟು. ನಿಮ್ಮ ರಸ್ತೆಯ ಅಗಲಕ್ಕೆ ಕೋಷ್ಟಕದಲ್ಲಿ ಎಷ್ಟಿದೆಯೋ ಅದನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಬಾಡಿಗೆದಾರ
ಇಲ್ಲಿ ಬರೆಯುವವರೆಲ್ಲ ಸ್ವಂತ ಮನೆಯುಳ್ಳವರು ಎಂದು ಕಾಣುತ್ತದೆ. ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವನು. ಎಪ್ಪತ್ತು ಕಿಲೋಮೀಟರ್ ದೂರದ ಆ ಊರಿನಲ್ಲಿ ಮನೆ ಕೊಳ್ಳುವ ಶಕ್ತಿಯಿಲ್ಲ. ಇಲ್ಲಿ ಮೂವತ್ತು–ನಲವತ್ತರ ನಿವೇಶನ ಕೊಂಡು ಮನೆ ಕಟ್ಟುವುದೂ ಸಂಬಳದವನ ಕೈಗೆ ಎಟುಕುವಂತಿಲ್ಲ. ನಮ್ಮಂಥವರಿಗೆ ಉಳಿಯುವುದು ಫ್ಲ್ಯಾಟ್ ಒಂದೇ. ಅದನ್ನು ಊರ ಹೊರಗೆ ಕಟ್ಟಿದರೆ ಬಸ್ಸಿಲ್ಲ, ಶಾಲೆಯಿಲ್ಲ. ಊರೊಳಗೆ ಕಟ್ಟಿದರೆ ರಸ್ತೆ ಸಣ್ಣದು ಎನ್ನುತ್ತೀರಿ. ಹಾಗಾದರೆ ನಾವು ಎಲ್ಲಿರಬೇಕು, ಸ್ವಾಮಿ?

ಮೂಲೆಮನೆ
ಸರ್, ಯಾರೂ ಬರಬಾರದು ಎಂದು ನಾನು ಹೇಳಿಲ್ಲ. ಹತ್ತು–ಹನ್ನೆರಡು ಮನೆಗಳಾದರೆ ನಾವೇ ಹಾಲುಕ್ಕಿಸಲು ಹೋಗುತ್ತಿದ್ದೆವು. 36 ಎಂಬುದೇ ತೊಡಕು.

ಬಾಡಿಗೆದಾರ
ಹನ್ನೆರಡೇ ಮನೆ ಕಟ್ಟಿದರೆ ಅರ್ಧ ಎಕರೆಯ ಬೆಲೆ ಹನ್ನೆರಡೇ ಜನರ ತಲೆಯ ಮೇಲೆ ಬೀಳುತ್ತದೆ. ಆಗ ಕೊಳ್ಳುವವರು ನನ್ನಂಥವರಲ್ಲ.

ಅಡುಗೆಮನೆ ಕಿಟಕಿ
ನಾನು ಬೇರೆ ಬಡಾವಣೆಯವಳು, ಆದರೆ ನಮ್ಮದೂ ಇಂಥದೇ ರಸ್ತೆ. ಇಡೀ ದಿನ ನೋಡಿದರೆ ಯಾವ ರಸ್ತೆಯೂ ಖಾಲಿಯೇ ಇರುತ್ತದೆ. ಬೆಳಿಗ್ಗೆ ಎಂಟೂಕಾಲರಿಂದ ಒಂಬತ್ತರವರೆಗೆ ಕಿಟಕಿಯಲ್ಲಿ ನಿಂತು ನೋಡಬೇಕು. ಶಾಲೆಯ ವ್ಯಾನು ಮಗುವಿಗಾಗಿ ಹಾರ್ನ್ ಹೊಡೆಯುತ್ತಾ ನಿಂತಿರುತ್ತದೆ, ಅದರ ಹಿಂದೆ ಕಸದ ಆಟೊ, ಅದರ ಹಿಂದೆ ಕೆಲಸಕ್ಕೆ ಹೊರಟ ಎರಡು ಕಾರು, ಎದುರಿನಿಂದ ನೀರಿನ ಕ್ಯಾನಿನ ಗಾಡಿ. ಸ್ಕೂಟರಿನವರು ಚರಂಡಿಯ ಚಪ್ಪಡಿ ಹತ್ತಿ ತೂರುತ್ತಾರೆ, ಆ ಚಪ್ಪಡಿ ‘ಟಕ್’ ಎಂದು ಅಲುಗುವ ಸದ್ದು ನಮ್ಮ ಒಲೆಯ ಮುಂದಕ್ಕೂ ಕೇಳಿಸುತ್ತದೆ. ಯಾರೋ ಒಬ್ಬರು ಹಿಂದಕ್ಕೆ ಹೋಗಲೇಬೇಕು, ಯಾರೂ ಹೋಗುವುದಿಲ್ಲ. ಆದ್ದರಿಂದ ಎಷ್ಟು ಮನೆ ಎನ್ನುವುದಕ್ಕಿಂತ ಆ ಮುಕ್ಕಾಲು ಗಂಟೆಯಲ್ಲಿ ಎಷ್ಟು ಗಾಡಿ ಎಂಬ ಲೆಕ್ಕ ಮುಖ್ಯ. ಅದನ್ನು ನೀವೇ ಒಂದು ವಾರ ಬರೆದಿಡಿ, ಆಕ್ಷೇಪಣೆಗೆ ತೂಕ ಬರುತ್ತದೆ.

ಹೊರಪೇಟೆ ಹಳಬ
ಗಾಡಿಯ ಮಾತು ಆಮೇಲಿರಲಿ, ಬೆಂಕಿ ಬಿದ್ದರೆ ಗತಿ ಏನು? 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕಟ್ಟಡದ ಮುಂದಿನ ರಸ್ತೆ 12 ಮೀಟರ್, ಅಂದರೆ ಸುಮಾರು 39 ಅಡಿ ಇರಬೇಕು. ನಿಮ್ಮ ರಸ್ತೆ ಅದರ ಅರ್ಧ. ಇದೊಂದೇ ಸಾಕು, ಅನುಮತಿ ಬಿದ್ದುಹೋಗುತ್ತದೆ.

ನಿವೃತ್ತ ಓವರ್‌ಸಿಯರ್
ಅಷ್ಟು ಸುಲಭವಲ್ಲ ಹಳಬರೇ. ನೀವು ಹೇಳಿದ 12 ಮೀಟರ್ ಬಹುಮಹಡಿ ಕಟ್ಟಡಗಳಿಗೆ; ಆ ಸಂಹಿತೆಯಲ್ಲಿ ಬಹುಮಹಡಿ ಎನಿಸಿಕೊಳ್ಳಲು ಎತ್ತರ 15 ಮೀಟರ್ ಅಥವಾ ಅದಕ್ಕೂ ಹೆಚ್ಚಿರಬೇಕು. ಪಾರ್ಕಿಂಗ್ ಅಂತಸ್ತು 2.7 ಮೀಟರ್, ಮೇಲಿನ ನಾಲ್ಕು ಅಂತಸ್ತು ಮೂರು ಮೂರರಂತೆ 12 ಮೀಟರ್, ಒಟ್ಟು 14.7. ಎಲ್ಲ ಊರುಗಳಲ್ಲೂ ಇಂಥ ಕಟ್ಟಡಗಳು ನಾಲ್ಕನೇ ಅಂತಸ್ತಿಗೇ ಏಕೆ ನಿಲ್ಲುತ್ತವೆ ಎಂದು ಈಗ ತಿಳಿಯಿತಲ್ಲ? ಮೇಲಾಗಿ ಸಂಹಿತೆ ತನ್ನಷ್ಟಕ್ಕೆ ಕಾನೂನಲ್ಲ. ಸ್ಥಳೀಯ ನಿಯಮ ಅದನ್ನು ಎಷ್ಟು ಅಳವಡಿಸಿಕೊಂಡಿದೆಯೋ ಅಷ್ಟಕ್ಕೆ ಮಾತ್ರ ಬಲ.

ಹೊರಪೇಟೆ ಹಳಬ
14.7 ಮೀಟರ್ ಕಟ್ಟಡದ ಬೆಂಕಿ 15 ಮೀಟರ್ ಕಟ್ಟಡದ ಬೆಂಕಿಗಿಂತ ತಣ್ಣಗಿರುತ್ತದೆಯೇ? ಕಾಗದದಲ್ಲಿ ಏನಾದರೂ ಇರಲಿ, ಅಗ್ನಿಶಾಮಕ ವಾಹನ ಆ 17 ಅಡಿಯ ಬಾಯಲ್ಲಿ ತಿರುಗಬೇಕು ತಾನೇ?

ಲೆಕ್ಕದ ಮೇಷ್ಟ್ರು
ಅದನ್ನೂ ಲೆಕ್ಕ ಹಾಕಿಬಿಡೋಣ. ನಮ್ಮ ಮೋಟಾರು ವಾಹನ ನಿಯಮದಂತೆ ವಾಹನದ ಅಗಲ 2.6 ಮೀಟರ್ ಮೀರಬಾರದು. ಲಾರಿ, ನೀರಿನ ಟ್ಯಾಂಕರ್, ಅಗ್ನಿಶಾಮಕ ವಾಹನ ಎಲ್ಲವೂ ಈ ಮಿತಿಯ ಆಸುಪಾಸಿನವು. ಸಾಮಾನ್ಯ ಕಾರಿನ ಅಗಲ ಕನ್ನಡಿ ಬಿಟ್ಟು 1.7 ಮೀಟರ್. 20 ಅಡಿ ಎಂದರೆ 6.1 ಮೀಟರ್. ಎರಡೂ ಬದಿ ಕಾರು ನಿಂತರೆ ನಡುವೆ ಉಳಿಯುವುದು 2.7 ಮೀಟರ್, ಅಂದರೆ ಲಾರಿಯ ಎರಡೂ ಕಡೆ ಸೇರಿ ನಾಲ್ಕು ಬೆರಳಿನಷ್ಟು ಜಾಗ. ಬಾಯಿಯ 17 ಅಡಿಯಲ್ಲಿ ಒಂದು ಬದಿ ಕಾರು ನಿಂತರೆ ಸುಮಾರು ಮೂರೂವರೆ ಮೀಟರ್ ಉಳಿಯುತ್ತದೆ, ಗಾಡಿ ನೇರವಾಗಿ ಹೋಗಬಹುದು. ಆದರೆ ಮುಖ್ಯರಸ್ತೆಯಿಂದ ತಿರುಗಿಕೊಂಡು ಒಳಗೆ ಬರಲು ಅಷ್ಟು ಸಾಲದು. ಎರಡು ಬದಿ ನಿಂತರೆ ಆಟೊ ಕೂಡ ತೂರುವುದು ಕಷ್ಟ.

ಈಗ ನನ್ನ ಪ್ರಶ್ನೆ. ಹೊಸ ಕಟ್ಟಡವಿನ್ನೂ ಎದ್ದಿಲ್ಲ. ಈ ಹೊತ್ತು ರಸ್ತೆಯ ಎರಡೂ ಬದಿ ನಿಂತಿರುವ ಕಾರುಗಳು ಯಾರವು?

ಮೂಲೆಮನೆ
ನಮ್ಮ ರಸ್ತೆಯವರದೇ. ಮನೆ ಕಟ್ಟಿದ ಕಾಲದಲ್ಲಿ ಯಾರ ಬಳಿಯೂ ಕಾರಿರಲಿಲ್ಲ.

ಗುಬ್ಬಿಗೇಟ್ ವಕೀಲ
ನಾನು ಹೇಳಬೇಕೆಂದಿದ್ದುದು ಇದನ್ನೇ. ನಕ್ಷೆಯಲ್ಲಿ 30 ಅಡಿ, ನೆಲದ ಮೇಲೆ 20 ಅಡಿ ಎಂದಾದರೆ ನಡುವಿನ 10 ಅಡಿಯಲ್ಲಿ ಚರಂಡಿಗೆ ಹೋಗಿದ್ದು ಬಿಟ್ಟು ಉಳಿದದ್ದು ಎಲ್ಲಿ ಹೋಯಿತು? ಗೇಟಿನ ಮುಂದಿನ ಇಳಿಜಾರು, ಮೆಟ್ಟಿಲು, ಬೇಲಿ ಹಾಕಿದ ದಾಸವಾಳದ ಪಾತಿ, ಸಂಪಿನ ಮುಚ್ಚಳ, ಸಂಜೆ ಕೂರಲು ಕಟ್ಟಿದ ಜಗಲಿ. ತಾನು ಕಳ್ಳ, ಪರರ ನಂಬ ಎನ್ನುವಂತಾಗಬಾರದು. ‘ರಸ್ತೆ ಕಿರಿದು’ ಎಂದು ನೀವು ದೂರು ಕೊಟ್ಟ ಮರುದಿನ ಬಿಲ್ಡರ್ ಕಡೆಯವರು ನಕ್ಷೆ ಹಿಡಿದುಕೊಂಡು ಹೋಗಿ ‘ರಸ್ತೆ ಕಿರಿದಲ್ಲ, ಒತ್ತುವರಿಯಾಗಿದೆ, ತೆರವು ಮಾಡಿಸಿ’ ಎಂದು ಪ್ರತಿದೂರು ಕೊಟ್ಟರೆ ಮೊದಲು ಜೆಸಿಬಿ ಬರುವುದು ನಿಮ್ಮ ಮನೆ ಮುಂದಕ್ಕೆ.

ಹಾಗೆಂದು ಸುಮ್ಮನಿರಿ ಎನ್ನುತ್ತಿಲ್ಲ. ನಿಮ್ಮ ಬಲವಾದ ವಾದ ಅಗಲದ್ದಲ್ಲ. ಆ ರಸ್ತೆಗೆ ಒಂದೇ ಬಾಯಿ ಇದೆ ಎನ್ನುವುದು, ಮತ್ತು ನೀರು–ಚರಂಡಿಯದು.

ಬುಗುಡನಹಳ್ಳಿ ಪೈಪು
ನೀರಿನ ಮಾತು ಬಂದದ್ದು ಒಳ್ಳೆಯದಾಯಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಕೇಂದ್ರದ ಮಾನದಂಡ. ಮನೆಗೆ ನಾಲ್ವರೆಂದರೆ 36 ಮನೆಗೆ 144 ಜನ, ದಿನಕ್ಕೆ 19,440 ಲೀಟರ್. ನಮ್ಮ ನಲ್ಲಿಗೆ ಬರುವುದು ಹೇಮಾವತಿಯ ನೀರು. ಅದು ನಾಲೆಯಲ್ಲಿ ಬುಗುಡನಹಳ್ಳಿ ಕೆರೆಗೆ ಬಂದು ನಿಂತು, ಶುದ್ಧವಾಗಿ, ಊರಿಗೆ ಹರಿಯಬೇಕು. ನಾಲೆಯಲ್ಲಿ ನೀರು ಬಿಡದ ತಿಂಗಳುಗಳಲ್ಲಿ ಕೆರೆಯಲ್ಲಿ ಇದ್ದಷ್ಟರಲ್ಲೇ ಊರು ನಡೆಯಬೇಕು. ಆಗ ಅಪಾರ್ಟ್‌ಮೆಂಟಿನವರು ಕೊಳವೆಬಾವಿ ಕೊರೆಸುತ್ತಾರೆ, ಅದೂ ಬತ್ತಿದರೆ ಟ್ಯಾಂಕರ್ ತರಿಸುತ್ತಾರೆ. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ ಮೂರಕ್ಕೂ ಹೆಚ್ಚು ಸಲ ಅದೇ ರಸ್ತೆಯಲ್ಲಿ ಹೋಗಿ ಬರಬೇಕು. ಮೇಷ್ಟ್ರ ನಾಲ್ಕು ಬೆರಳಿನ ಜಾಗದಲ್ಲಿ.

ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಒಳಚರಂಡಿಗೆ ಹೋಗುತ್ತದೆ ಎಂದು ಹಿಡಿಯುವುದು ವಾಡಿಕೆ. ಅಂದರೆ ಹದಿನೈದೂವರೆ ಸಾವಿರ ಲೀಟರ್. ಅದೂ ದಿನವಿಡೀ ಹನಿಹನಿಯಾಗಿ ಹೋಗುವುದಿಲ್ಲ, ಬೆಳಗಿನ ಸ್ನಾನದ ಹೊತ್ತಿನಲ್ಲಿ ಒಟ್ಟಿಗೆ ನುಗ್ಗುತ್ತದೆ. ಹಳೆಯ ಅಡ್ಡರಸ್ತೆಯ ಕೊಳವೆ ನಲವತ್ತು ಮನೆಗೆಂದು ಹಾಕಿದ್ದು. ನಿಮ್ಮ ಬೀದಿಯ ಆಳುಗುಂಡಿಗಳು (ಮ್ಯಾನ್‌ಹೋಲ್) ಈಗಲೇ ಉಕ್ಕುತ್ತಿವೆಯೇ ಎಂದು ನೋಡಿ.

ಅಮಾನಿಕೆರೆ ವಾಯುವಿಹಾರಿ
ಮಳೆನೀರನ್ನು ಯಾರೂ ಹೇಳಲಿಲ್ಲ. ಅರ್ಧ ಎಕರೆ ತೋಟ ಇಷ್ಟು ವರ್ಷ ಆ ಬೀದಿಯ ಮಳೆಯನ್ನು ಕುಡಿಯುತ್ತಿತ್ತು. ಅರ್ಧ ಎಕರೆ ಸುಮಾರು 2,000 ಚದರ ಮೀಟರ್. 50 ಮಿಲಿಮೀಟರ್‌ನ ಒಂದು ಜೋರು ಮಳೆ ಸುರಿದರೆ ಆ ಜಾಗದ ಮೇಲೆ ಬೀಳುವುದು ಒಂದು ಲಕ್ಷ ಲೀಟರ್. ನಾಳೆ ತಾರಸಿ, ಕಾಂಕ್ರೀಟು, ಟೈಲ್ಸು ಬಂದರೆ ಅದರಲ್ಲಿ ಬಹುಪಾಲು ಒಂದೆರಡು ಗಂಟೆಯೊಳಗೆ ರಸ್ತೆಗೆ ಬರುತ್ತದೆ. ನಿಮ್ಮ ಚರಂಡಿ ಒಂದೂವರೆ ಅಡಿಯದಿರಬೇಕು, ಅರ್ಧಕ್ಕೆ ಹೂಳು. ಇಳಿಜಾರಿನ ಕೆಳಗಿರುವ ಮನೆ ಯಾರದೋ ಅವರ ವರಾಂಡಕ್ಕೆ ನೀರು ಖಂಡಿತ. ಮಳೆನೀರಿನ ಸಂಗ್ರಹದ ತೊಟ್ಟಿಯ ಗಾತ್ರವನ್ನು ನಕ್ಷೆಯಲ್ಲಿ ಕೇಳಿ ನೋಡಿ; ಹೆಸರಿಗೊಂದು ಗುಂಡಿ ಇದ್ದರೆ ಸಾಲದು.

ತೋಟದವರು
ಅಲ್ಲಿರುವ ತೆಂಗಿನ ಮರಗಳನ್ನು ಕಡಿಯಲು ಅನುಮತಿ ಬೇಡವೇ?

ಗುಬ್ಬಿಗೇಟ್ ವಕೀಲ
1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗಿಗೆ ವಿನಾಯಿತಿಯಿದೆ. ಆ ದಾರಿಯಲ್ಲಿ ಹೋಗಿ ಪ್ರಯೋಜನವಿಲ್ಲ.

ಕ್ಯಾತ್ಸಂದ್ರ ಕಾಂಟ್ರಾಕ್ಟರ್
ನಾನು ಸಣ್ಣ ಪ್ರಮಾಣದಲ್ಲಿ ಕಟ್ಟಡ ಕಟ್ಟುವವನು, ಆದ್ದರಿಂದ ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ, ಬೈಯಬೇಡಿ. ಜನ ಬಂದು ಸೇರಿದ ಮೇಲಿನ ಕಷ್ಟವನ್ನೇ ಎಲ್ಲರೂ ಎಣಿಸುತ್ತಿದ್ದೀರಿ. ಅದಕ್ಕೂ ಮೊದಲು ಎರಡು ವರ್ಷದ ಕಟ್ಟುವ ಕಾಲ ಇದೆ, ರಸ್ತೆ ಸಾಯುವುದು ಆಗ. ಆರು ಘನ ಮೀಟರಿನ ರೆಡಿಮಿಕ್ಸ್ ಗಾಡಿಯಲ್ಲಿ ಕಾಂಕ್ರೀಟೇ ಹದಿನಾಲ್ಕು ಟನ್ನಿಗೂ ಹೆಚ್ಚು ತೂಗುತ್ತದೆ, ಗಾಡಿಯ ತೂಕ ಬೇರೆ. ಒಂದು ಸ್ಲ್ಯಾಬಿಗೆ ಇಂಥವು ಸಾಲಾಗಿ ಬರಬೇಕು. ತಿರುಗಲು ಜಾಗವಿಲ್ಲದ ರಸ್ತೆಯಲ್ಲಿ ಚಾಲಕ ಹಿಮ್ಮುಖವಾಗಿ ಬರುತ್ತಾನೆ. ಹಿಂದಿನ ಚಕ್ರ ಚರಂಡಿಯ ಅಂಚಿಗೆ ಬಂದಾಗ ಚಪ್ಪಡಿ ಮುರಿಯುತ್ತದೆ, ಅದರ ಕೆಳಗಿನ ನಲ್ಲಿಯ ಪೈಪು ಒಡೆಯುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ಕೊನೆಗೆ ರೆಡಿಮಿಕ್ಸ್ ಗಾಡಿಯನ್ನು ಒಳಗೆ ತರುವುದನ್ನು ಬಿಟ್ಟು, ಮುಖ್ಯರಸ್ತೆಯ ಬದಿಯಲ್ಲಿ ಪಂಪ್ ನಿಲ್ಲಿಸಿ ಒಳಗೆ ಪೈಪ್ ಎಳೆದು ಕಾಂಕ್ರೀಟು ಹಾಕಿದೆವು. ಖರ್ಚು ಹೆಚ್ಚಾಯಿತು, ಬೀದಿಯವರ ಬೈಗುಳ ಕಡಿಮೆಯಾಯಿತು. ಕೆಲಸದ ಹೊತ್ತು, ಭಾರಿ ಗಾಡಿ ಬರುವ ಹೊತ್ತು, ಮುರಿದದ್ದನ್ನು ಕಟ್ಟಿಕೊಡುವ ಠೇವಣಿ, ಈ ಮೂರನ್ನು ಈಗಲೇ ಬರವಣಿಗೆಯಲ್ಲಿ ಕೇಳಿ. ತಳಪಾಯ ಎದ್ದ ಮೇಲೆ ಯಾರೂ ಮಾತಿಗೆ ಸಿಗುವುದಿಲ್ಲ.

ಶಿರಾಗೇಟ್ ನಿವಾಸಿ
ಬಿಲ್ಡರ್‌ಗಳ ಬಾಯಲ್ಲಿ ಇಷ್ಟು ಒಳ್ಳೆಯ ಮಾತು ಕೇಳಿ ಬಹಳ ಕಾಲವಾಗಿತ್ತು.

ಚಿಕ್ಕಬಳ್ಳಾಪುರದ ಸೊಸೆ
ನನ್ನ ತವರಿನ ಬೀದಿಯಲ್ಲೂ ಇಂಥದ್ದಾಯಿತು. ಅಲ್ಲಿ ಹೊಸ ಕಟ್ಟಡದವರು ತಮ್ಮ ಕಾಂಪೌಂಡನ್ನು ಐದು ಅಡಿ ಒಳಗೆ ತೆಗೆದುಕೊಂಡು ಅಷ್ಟನ್ನೂ ರಸ್ತೆಗೆ ಬಿಟ್ಟರು. ಕಟ್ಟಡದ ಮುಂದೆ ರಸ್ತೆ ಭರ್ಜರಿಯಾಗಿದೆ, ಆದರೆ ಅಲ್ಲಿಗೆ ಹೋಗುವ ದಾರಿ ಹಾಗೆಯೇ ಇದೆ. ಬಿಟ್ಟ ಐದು ಅಡಿಯಲ್ಲಿ ಈಗ ಅವರ ಅತಿಥಿಗಳ ಕಾರು ನಿಲ್ಲುತ್ತದೆ. ಆದ್ದರಿಂದ ಮುಂದೆ ಎಷ್ಟು ಅಗಲ ಎಂದು ಮಾತ್ರ ಕೇಳಬೇಡಿ, ಮುಖ್ಯರಸ್ತೆಯಿಂದ ಅಲ್ಲಿಯವರೆಗೆ ಅತಿ ಇಕ್ಕಟ್ಟಾದ ಕಡೆ ಎಷ್ಟು ಎಂದು ಕೇಳಿ.

ನಿವೃತ್ತ ಓವರ್‌ಸಿಯರ್
ಈ ತಾಯಿ ಹೇಳಿದ್ದು ಬಹಳ ಸರಿ. ಅರ್ಜಿಯಲ್ಲಿ ಇದನ್ನೇ ಮೊದಲ ಸಾಲಾಗಿ ಬರೆಯಬೇಕು.

ಇನ್ನೊಂದು ವಿಚಾರ. ತೋಟದ ಹಿಂದಿನ ಗಡಿ ಎಲ್ಲಿಗೆ ತಾಗುತ್ತದೆ? ಅಂಥ ಹಳೆಯ ತೋಟಗಳು ಸಾಮಾನ್ಯವಾಗಿ ಎರಡು ಬಡಾವಣೆಗಳ ನಡುವೆ ಉಳಿದುಕೊಂಡ ತುಂಡುಗಳು. ಹಿಂದೆ ಅಗಲವಾದ ರಸ್ತೆಯಿದ್ದರೆ ಕಾರಿನ ಗೇಟನ್ನು ಅತ್ತ ಇಡಿಸಿ, ನಿಮ್ಮ ಕಡೆ ಜನ ನಡೆದು ಹೋಗುವ ಸಣ್ಣ ಗೇಟು ಮಾತ್ರ ಇಡಿಸಬಹುದು.

ಮೂಲೆಮನೆ
ಹಿಂದೆ 40 ಅಡಿಯ ರಸ್ತೆಯಿದೆ ಸರ್. ನಡುವೆ ಒಂದು ಖಾಲಿ ನಿವೇಶನವಿದೆ, ಅದು ಬೇರೆಯವರದು. ಬಿಲ್ಡರ್ ಅದನ್ನು ಕೇಳಿದ್ದರಂತೆ, ಬೆಲೆ ಹೊಂದಲಿಲ್ಲವಂತೆ.

ಲೆಕ್ಕದ ಮೇಷ್ಟ್ರು
ಹಾಗಾದರೆ ವಿಷಯ ಬಯಲಾಯಿತು. ಒಂದು ನಿವೇಶನದ ಬೆಲೆ ಉಳಿಸಲು ನಲವತ್ತು ಮನೆಯವರ ದಾರಿಯನ್ನು ಬಳಸುತ್ತಿದ್ದಾರೆ. ಆ ನಿವೇಶನದ ಬೆಲೆಯನ್ನು 36 ಮನೆಗೆ ಹಂಚಿದರೆ ತಲಾ ಎಷ್ಟು ಬೀಳುತ್ತದೆ ಎಂದು ಬಾಡಿಗೆದಾರರೇ ಹೇಳಲಿ.

ಬಾಡಿಗೆದಾರ
ಬೀಳಲಿ, ನಾನು ಕೊಡುತ್ತೇನೆ. ಕೊಳ್ಳುವವನಿಗೂ ದಿನಾ ಸಂಜೆ ಹಿಮ್ಮುಖವಾಗಿ ಬರುವ ಆಸೆಯೇನಿಲ್ಲ. ಆದರೆ ನಿಮ್ಮ ಮೆಟ್ಟಿಲು, ಜಗಲಿಗಳ ಬೆಲೆಯನ್ನು ಯಾರು ಕೊಡುತ್ತಾರೆ ಎಂದೂ ಲೆಕ್ಕ ಹಾಕಿ ಮೇಷ್ಟ್ರೇ.

ಗುಬ್ಬಿಗೇಟ್ ವಕೀಲ
ಜಗಳ ಬಿಟ್ಟು ಕೆಲಸದ ಮಾತಿಗೆ ಬರೋಣ. 500 ಚದರ ಮೀಟರ್‌ಗಿಂತ ಹೆಚ್ಚಿನ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯನ್ನು 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಂತೆ ನೋಂದಾಯಿಸಲೇಬೇಕು. ನೋಂದಣಿಯಾಗದೆ ಜಾಹೀರಾತು ಕೊಡುವುದಕ್ಕೂ ಮುಂಗಡ ತೆಗೆದುಕೊಳ್ಳುವುದಕ್ಕೂ ಅವಕಾಶವಿಲ್ಲ. ಗೇಟಿನ ಮೇಲಿನ ಬೋರ್ಡಿನಲ್ಲಿ ರೇರಾ ಸಂಖ್ಯೆ ಇದೆಯೇ ಎಂದು ನೋಡಿ. ಇದ್ದರೆ ರೇರಾ ಜಾಲತಾಣದಲ್ಲಿ ಮಂಜೂರಾದ ನಕ್ಷೆಯೇ ಸಿಗುತ್ತದೆ. ಇಲ್ಲದಿದ್ದರೆ ಬೋರ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ.

ಬಡಾವಣೆಯ ನಕ್ಷೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಎರಡು ಪುಟದ ಗೋಳು ಬರೆದರೆ ಅದನ್ನೇ ನೆಪ ಮಾಡಿ ಹಿಂದಕ್ಕೆ ಕಳಿಸುತ್ತಾರೆ.

ಕಟ್ಟುವಾಗ ನಕ್ಷೆ ಮೀರಿದರೆ ಎನ್ನುವ ಭಯಕ್ಕೂ ಈಗ ಸ್ವಲ್ಪ ಆಧಾರವಿದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ, ನಕ್ಷೆಯ ಪ್ರಕಾರ ಕಟ್ಟಿ ಸ್ವಾಧೀನಾನುಭವ ಪತ್ರ (ಒ.ಸಿ.) ಪಡೆದ ಮೇಲೆಯೇ ಕಾಯಂ ವಿದ್ಯುತ್, ನೀರು, ಒಳಚರಂಡಿಯ ಸಂಪರ್ಕ ಕೊಡಬೇಕು. ಪಾರ್ಕಿಂಗ್ ಅಂತಸ್ತಿನಲ್ಲಿ ಅಂಗಡಿ ಮಳಿಗೆ ಎದ್ದರೆ, ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗವನ್ನು (ಸೆಟ್‌ಬ್ಯಾಕ್) ತಿಂದರೆ, ಆ ಹಂತದಲ್ಲಿ ನಿಮ್ಮ ಫೋಟೊಗಳು ಕೆಲಸಕ್ಕೆ ಬರುತ್ತವೆ.

ಮೂಲೆಮನೆ
ಎಲ್ಲರಿಗೂ ಧನ್ಯವಾದ. ಬೋರ್ಡಿನಲ್ಲಿ ರೇರಾ ಸಂಖ್ಯೆ ಇಲ್ಲ. ನಿನ್ನೆ ಸಂಜೆ ನಾಲ್ಕೈದು ಮನೆಯವರು ಸೇರಿ ಟೇಪು ಹಿಡಿದು ಅಳೆದೆವು. ಕಾಂಪೌಂಡಿನಿಂದ ಕಾಂಪೌಂಡಿಗೆ ಹೆಚ್ಚಿನ ಕಡೆ 28 ಅಡಿ, ಒಂದೆರಡು ಕಡೆ 30, ಬಾಯಲ್ಲಿ 24. ಅಲ್ಲಿ ಮೆಟ್ಟಿಲನ್ನೂ ಟ್ರಾನ್ಸ್‌ಫಾರ್ಮರನ್ನೂ ಕಳೆದರೆ 17. ಮೆಟ್ಟಿಲಿನ ಮನೆಯವರು ಒಡೆಯುವುದಿಲ್ಲ ಎನ್ನುತ್ತಾರೆ, ಅವರ ತಂದೆ ಕಟ್ಟಿಸಿದ್ದಂತೆ. ಉಳಿದವರಲ್ಲಿ ಕೆಲವರು ಇಳಿಜಾರನ್ನು ಒಳಗೆ ತೆಗೆದುಕೊಳ್ಳಲು ಒಪ್ಪಿದ್ದಾರೆ, ನಾನೂ ಒಪ್ಪಿದ್ದೇನೆ. ಅಪಾರ್ಟ್‌ಮೆಂಟ್ ಬೇಡವೇ ಬೇಡ ಎಂದು ಬರೆಯುವ ಯೋಚನೆಯನ್ನು ಬಿಟ್ಟಿದ್ದೇವೆ. ಕಾರಿನ ಗೇಟು ಹಿಂದಿನ 40 ಅಡಿ ರಸ್ತೆಗೇ ಇರಬೇಕು. ಅದಾಗದಿದ್ದರೆ ಮನೆಗಳ ಸಂಖ್ಯೆ ಈ ರಸ್ತೆಯ ಅತಿ ಇಕ್ಕಟ್ಟಾದ ಜಾಗಕ್ಕೆ ತಕ್ಕಷ್ಟೇ ಇರಬೇಕು. ಒಳಚರಂಡಿಯನ್ನು ಮುಖ್ಯರಸ್ತೆಯ ಕೊಳವೆಗೆ ಅವರ ಖರ್ಚಿನಲ್ಲೇ ಬೇರೆಯಾಗಿ ಜೋಡಿಸಬೇಕು ಎಂದು ಬರೆಯುತ್ತಿದ್ದೇವೆ.

ಹೊರಪೇಟೆ ಹಳಬ
ಇಳಿಜಾರು ಒಡೆದ ಜಾಗದಲ್ಲಿ ಕಾರು ನಿಲ್ಲಿಸಿಕೊಂಡರೆ ಒಡೆದೂ ಪ್ರಯೋಜನವಿಲ್ಲ. ಒಂದೇ ಬದಿಯ ಪಾರ್ಕಿಂಗ್ ಎಂದು ನಿಮ್ಮಲ್ಲೇ ಮೊದಲು ನಿಯಮ ಮಾಡಿಕೊಳ್ಳಿ.

ನಿವೃತ್ತ ಓವರ್‌ಸಿಯರ್
ಟ್ರಾನ್ಸ್‌ಫಾರ್ಮರ್ ವಿಷಯವನ್ನೂ ಸೇರಿಸಿ. 36 ಮನೆಯ ವಿದ್ಯುತ್ ಹೊರೆಗೆ ಈಗಿರುವುದು ಸಾಲುವುದಿಲ್ಲ. ಹೊಸದನ್ನು ಅವರ ಜಾಗದೊಳಗೇ ಕೂರಿಸಲಿ, ಬೀದಿಯಲ್ಲಿ ಎರಡನೆಯದು ಬೇಡ. ಅರ್ಜಿಗೆ ಅಳತೆಯ ಕೈನಕ್ಷೆ ಲಗತ್ತಿಸಿ, ಪ್ರತಿ ಐವತ್ತು ಅಡಿಗೆ ಒಂದು ಅಗಲ ಗುರುತಿಸಿ, ಅಳತೆಯ ದಿನಾಂಕ ಹಾಕಿ, ಅಳೆದವರೆಲ್ಲ ಸಹಿ ಮಾಡಿ. ಪಾಲಿಕೆಗೊಂದು, ಪ್ರಾಧಿಕಾರಕ್ಕೊಂದು ಕೊಟ್ಟು ಎರಡೂ ಕಡೆ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಬೀಳದ ಅರ್ಜಿಯನ್ನು ಯಾರೂ ಹುಡುಕಿ ಓದುವುದಿಲ್ಲ.

ಬಾಡಿಗೆದಾರ
ಹಿಂದಿನ ಗೇಟು ಆದರೆ ಇಲ್ಲಿ ತಿಳಿಸಿ. ಎರಡನೇ ಅಂತಸ್ತಿನಲ್ಲಿ ಒಂದು ಮನೆ ಕೇಳಿ ನೋಡುತ್ತೇನೆ.